ಗೋಕರ್ಣದಿಂದ ಅಕ್ಕನಿಗೆ

ಗೋಕರ್ಣ
ಫೆಬ್ರವರಿ, ಸೋಮವಾರ ರಾತ್ರಿ

ಪ್ರೀತಿಯ ಅಕ್ಕಾ,

ಫೋನಿನಲ್ಲಿ "ಒಬ್ಬಳೇನಾ ಹೋಗಿರೋದು?" ಅಂತ ಕೇಳಿದೆಯಲ್ಲ, ಅದರಲ್ಲಿ ಅರ್ಧ ಗಾಬರಿ, ಅರ್ಧ ಹೊಟ್ಟೆಕಿಚ್ಚು ಇತ್ತು. ಗಾಬರಿಪಡೋಕೆ ಅಮ್ಮ ಇದ್ದಾಳೆ, ಬಿಡು. ನಾನು ಬರೆಯುತ್ತಿರುವುದು ನಿನ್ನ ಹೊಟ್ಟೆಕಿಚ್ಚಿಗೆ.

ನಮಗಿಬ್ಬರಿಗೂ ಗೋಕರ್ಣ ಅಂದರೆ ಅಪ್ಪ ಕರೆದುಕೊಂಡು ಬಂದ ಊರು. ಸಮುದ್ರಸ್ನಾನ, ಗಣಪತಿ, ಮಹಾಬಲೇಶ್ವರ, ಊಟ, ವಾಪಸ್ ಬಸ್ಸು. ಊರಿನ ದಕ್ಷಿಣಕ್ಕಿರುವ ಗುಡ್ಡದ ಆಚೆ ಏನಿದೆ ಅಂತ ಆಗ ಯಾರೂ ಹೇಳಲಿಲ್ಲ, ನಾವೂ ಕೇಳಲಿಲ್ಲ. ಇವತ್ತು ಆ ಗುಡ್ಡ ಹತ್ತಿ, ಒಂದಾದ ಮೇಲೊಂದು ಕಡಲತೀರ ದಾಟಿ, ಅಘನಾಶಿನಿ ನದಿಯ ಬಾಯಿಯವರೆಗೆ ನಡೆದೆ. ನೀನೂ ನಡೆಯಬಹುದು, ಒಬ್ಬಳೇ ನಡೆಯಬಹುದು ಅಂತ ಹೇಳೋಕೇ ಈ ಕಾಗದ.

ಬೆಳಕು ಹರಿಯುವಾಗಲೇ ರಥಬೀದಿಗೆ ಬಂದೆ. ನಿನ್ನ ಅಚ್ಚುಮೆಚ್ಚಿನ ಜಯಂತ ಕಾಯ್ಕಿಣಿ ಹುಟ್ಟಿದ ಊರು ನೋಡು, ಯಾವ ಮನೆಯ ಜಗಲಿ ಕಂಡರೂ ಅವರ ಕಥೆಯೊಳಗಿನದೇ ಇರಬಹುದು ಅನ್ನಿಸುತ್ತದೆ. ಹಾಲಕ್ಕಿ ಹೆಂಗಸರು ಹರಿವೆ ಕಟ್ಟು, ಬದನೆ, ಹೂವಿನ ದಂಡೆ ಹರವಿಕೊಂಡು ಕೂತಿದ್ದರು. ಕೊರಳು ಮುಚ್ಚುವಷ್ಟು ಕರಿಮಣಿ ಸರ. ಒಬ್ಬಾಕೆ ನನ್ನ ಬೆನ್ನ ಮೇಲಿನ ಚೀಲ ನೋಡಿ ಎಲ್ಲಿಗೆ ಅಂತ ಕೇಳಿದಳು. ಬೇಲೆಕಾನಕ್ಕೆ, ನಡೆದು ಅಂದೆ. "ಬಿಸ್ಲು ಏರೂದ್ರೊಳ್ಗೆ ಹೋಗು ತಂಗಿ" ಅಂದಳು, ಅಷ್ಟೇ. ಜೊತೆಗೆ ಯಾರಿದ್ದಾರೆ, ಮದುವೆ ಆಗಿದೆಯಾ, ಮನೆಯಲ್ಲಿ ಹೇಗೆ ಕಳಿಸಿದರು, ಒಂದೂ ಇಲ್ಲ. ನಸುಕಿನಲ್ಲಿ ತಾನೇ ಹೊರೆ ಹೊತ್ತು ಊರಿಗೆ ನಡೆದು ಬರುವವಳಿಗೆ ಇನ್ನೊಬ್ಬಳು ಒಂಟಿಯಾಗಿ ನಡೆಯುವುದು ಸುದ್ದಿಯೇ ಅಲ್ಲ. ಗಂಟು ಹೊತ್ತ ಯಾತ್ರಿಕರನ್ನು ಈ ಊರು ಎಷ್ಟೋ ಕಾಲದಿಂದ ನೋಡಿದೆ. ಬೆನ್ನಿಗೆ ಚೀಲ ಹಾಕಿಕೊಂಡ ನಾವು ಅವರ ಸಾಲಿನಲ್ಲೇ ಸೇರಿಹೋಗುತ್ತೇವೆ.

ಬನ್ಸು ತಿಂದು ಕಷಾಯ ಕುಡಿದು ಹೊರಟೆ. ದೇವಸ್ಥಾನದ ಎದುರಿನ ಕಡಲ ದಂಡೆಯಲ್ಲಿ ದಕ್ಷಿಣಕ್ಕೆ ನಡೆದರೆ ರಾಮತೀರ್ಥ. ಉಪ್ಪುನೀರಿನ ಪಕ್ಕದಲ್ಲೇ ಗುಡ್ಡದಿಂದ ಸಿಹಿನೀರು ಬೀಳುತ್ತದೆ. ಅಲ್ಲಿಂದ ಮೇಲೆ ಹತ್ತಿದರೆ ಬಯಲು, ತೂತುತೂತಾದ ಕೆಂಪು ಚಿರೇಕಲ್ಲಿನ ಹಾಸು, ಒಣಗಿದ ಹುಲ್ಲು. ನಿನ್ನ ಎಂಟನೇ ಕ್ಲಾಸಿನ ಮಕ್ಕಳಿಗೆ ಹೇಳು: ಈ ಕಲ್ಲಿಗೆ ಲ್ಯಾಟರೈಟ್ ಅಂತ ಹೆಸರಿಟ್ಟ ಫ್ರಾನ್ಸಿಸ್ ಬುಕನನ್, ಕಂಪನಿ ಸರ್ಕಾರದ ಪರವಾಗಿ ಬೆಳೆ, ಜಾತಿ, ಕಂದಾಯ ಎಲ್ಲ ಬರೆದುಕೊಳ್ಳುತ್ತಾ 1801ರಲ್ಲಿ ಗೋಕರ್ಣಕ್ಕೂ ಬಂದಿದ್ದ. ಈ ಕಲ್ಲು ಬಿಸಿಲನ್ನು ಹೀರಿ ಕಾಲಿಗೆ ವಾಪಸ್ ಕೊಡುತ್ತದೆ. ರಥಬೀದಿಯ ಆಕೆ ಬೇಗ ಹೋಗು ಅಂದಿದ್ದು ಅದಕ್ಕೇ.

ಕುಡ್ಲೆ ಬೇಗ ಬಂತು. ಚೆಂದವೇ. ಆದರೆ ಗುಡಿಸಲು ಹೋಟೆಲುಗಳು, ಯೋಗದ ಚಾಪೆಗಳು, ಮೆನು ಹಿಡಿದು ಕರೆಯುವ ಹುಡುಗರು. ಚಹಾ ಕುಡಿದು ಮುಂದಕ್ಕೆ ಹೋದೆ.

ಓಂ ಬೀಚಿನಲ್ಲಿ ಹೊತ್ತು ಕಳೆದೆ. ಎರಡು ಕೊಲ್ಲಿಗಳ ನಡುವೆ ಬಂಡೆಯೊಂದು ಸಮುದ್ರಕ್ಕೆ ಚಾಚಿಕೊಂಡಿದೆ, ಮೇಲಿನಿಂದ ನೋಡಿದರೆ ಹೆಸರು ಯಾಕೆ ಬಂತು ಅಂತ ತಿಳಿಯುತ್ತದೆ. ನೀರಿಗಿಳಿಯುವ ಮುಂಚೆ ಅಲ್ಲಿದ್ದ ಲೈಫ್‌ಗಾರ್ಡ್ ಹತ್ತಿರ ಎಲ್ಲಿ ಇಳಿಯಲಿ ಅಂತ ಕೇಳಿದೆ. ಆತ ಬಂಡೆಯ ಪಕ್ಕಕ್ಕೆ ಬೆರಳು ತೋರಿಸಿದ. ಎಡಕ್ಕೂ ಬಲಕ್ಕೂ ಅಲೆ ಬಿಳಿಯಾಗಿ ಒಡೆಯುತ್ತಿತ್ತು. ನಡುವೆ ಒಂದು ಪಟ್ಟಿ ಮಾತ್ರ ನೊರೆಯಿಲ್ಲದೆ, ಸ್ವಲ್ಪ ಕಪ್ಪಾಗಿ, ತಣ್ಣಗೆ ಇತ್ತು. ನಾನಾಗಿದ್ದರೆ ಅಲೆ ಕಮ್ಮಿಯಿದೆ ಅಂತ ಅಲ್ಲೇ ಇಳಿಯುತ್ತಿದ್ದೆ. ದಡಕ್ಕೆ ಬಂದ ನೀರೆಲ್ಲ ವಾಪಸ್ ಹೋಗುವ ದಾರಿಯೇ ಅದು, ಸೆಳೆತ ಇರುವುದು ಅಲ್ಲೇ ಅಂದ. ಸಿಕ್ಕಿಬಿದ್ದವರು ನೇರ ದಡದ ಕಡೆ ಈಜಿ ಈಜಿ ಸುಸ್ತಾಗಿ ಮುಳುಗುತ್ತಾರಂತೆ. ದಡಕ್ಕೆ ಸಮನಾಗಿ ಪಕ್ಕಕ್ಕೆ ಈಜಿದರೆ ಸೆಳೆತ ಬಿಡುತ್ತದೆ. ಇದನ್ನು ನೀನು ನೆನಪಿಟ್ಟುಕೋ. ಇಲ್ಲಿ ಹೆದರಬೇಕಾದದ್ದು ಒಂಟಿತನಕ್ಕಲ್ಲ, ನೀರಿಗೆ. ನಾನು ಮೊಣಕಾಲಿನಷ್ಟು ನೀರಲ್ಲೇ ನಿಂತು ಬಂದೆ.

ರಸ್ತೆ ಇರುವುದು ಓಂ ಬೀಚಿನವರೆಗೆ. ಅಲ್ಲಿಂದ ಹಾಫ್ ಮೂನ್, ಆಮೇಲೆ ಪ್ಯಾರಡೈಸ್: ದೋಣಿಯಲ್ಲಿ ಹೋಗಬೇಕು, ಇಲ್ಲ ನಡೆಯಬೇಕು. ಗುಡ್ಡದ ಅಂಚಿನಲ್ಲಿ ಕಾಲುದಾರಿ, ಒಂದು ಕಡೆ ಪೊದೆ, ಇನ್ನೊಂದು ಕಡೆ ಕೆಳಗೆ ಸಮುದ್ರ. ಉದುರು ಕಲ್ಲಿರುವುದರಿಂದ ಚಪ್ಪಲಿ ಸಾಲದು, ಶೂ ಬೇಕು. ಪ್ಯಾರಡೈಸಿಗೆ ಇಳಿಯುವಲ್ಲಿ ಬಂಡೆಗಳನ್ನು ಕೈಯೂರಿ ದಾಟಬೇಕು. ಭರತದ ಹೊತ್ತಿಗೆ ಅಲೆ ಅಲ್ಲಿಗೇ ಬಂದು ಬಡಿಯುತ್ತದೆ, ಹಾಗಾಗಿ ಇಳಿತ ಯಾವಾಗ ಅಂತ ಹಿಂದಿನ ದಿನವೇ ಮೀನುಗಾರರನ್ನು ಕೇಳಿ ಹೊರಡು. ಅಷ್ಟು ಕಷ್ಟಪಟ್ಟು ತಲುಪಿದ ಮರಳಿನಲ್ಲಿ ಮೊದಲು ಕಂಡಿದ್ದು ಬಿಯರ್ ಬಾಟಲಿಗಳು. ನಮ್ಮ ಜನ ಅಷ್ಟು ದೂರ ತುಂಬಿದ ಬಾಟಲಿ ಹೊತ್ತು ತರುತ್ತಾರೆ, ಖಾಲಿಯದು ಮಾತ್ರ ಭಾರವಾಗುತ್ತದೆ.

ಇದರಾಚೆಗೆ ಹೋಗುವ ಪ್ರವಾಸಿಗರು ಕಡಿಮೆ. ನೀನು ಮಾತ್ರ ಹೋಗು. ಗೇರುಮರಗಳ ನಡುವೆ ಬೇಲೆಕಾನಕ್ಕೆ ಇಳಿದರೆ ಒಣಮೀನಿನ ವಾಸನೆ, ದುರಸ್ತಿಗೆ ಹರವಿದ ಬಲೆ, ಅಂಗಳದಲ್ಲಿ ಆಡುವ ಮಕ್ಕಳು. ಅಲ್ಲಿಂದ ಅಘನಾಶಿನಿಯ ಬಾಯಲ್ಲಿರುವ ತದಡಿ. ಸಣ್ಣ ಖಾನಾವಳಿಯಲ್ಲಿ ಕುಚ್ಚಲಕ್ಕಿ ಅನ್ನ, ಹುರಿದ ಬಂಗುಡೆ, ಬಳಚು ಚಿಪ್ಪಿನ ಸುಕ್ಕಾ, ಕೊನೆಗೆ ಸೋಲ್‌ಕಡಿ. ಸೋಮವಾರ ಅನ್ನುವುದನ್ನು ಅಮ್ಮನಿಗೆ ನೆನಪಿಸಬೇಡ.

ಆ ಬಳಚು ಎದುರಿನ ನೀರಿನದೇ. ಇಳಿತದಲ್ಲಿ ಹೆಂಗಸರು ಗಂಡಸರು ನದಿಗಿಳಿದು ಕೆಸರಿನಲ್ಲಿ ಕೈಯಾಡಿಸಿ ಹೆಕ್ಕುತ್ತಾರೆ. ಅಘನಾಶಿನಿಗೆ ಶಿರಸಿ ಕಡೆಯಿಂದ ಕಡಲಿನವರೆಗೆ ದೊಡ್ಡ ಅಣೆಕಟ್ಟು ಒಂದೂ ಇಲ್ಲ. ಮೇಲಿನ ಕಾಡಿನ ಸಾರವೂ ಕೆಳಗಿನ ಉಪ್ಪುನೀರೂ ಇಲ್ಲಿ ತಡೆಯಿಲ್ಲದೆ ಬೆರೆಯುತ್ತವೆ, ಅದಕ್ಕೇ ಇಷ್ಟು ಮೀನು, ಇಷ್ಟು ಚಿಪ್ಪು. ಗಜನಿ ಗದ್ದೆಗಳಲ್ಲಿ ಉಪ್ಪುನೀರು ತಾಳಿಕೊಳ್ಳುವ ಕಗ್ಗ ಭತ್ತವನ್ನೂ ಬೆಳೆಯುತ್ತಾರೆ. ಇದೇ ತದಡಿಗೆ 4,000 ಮೆಗಾವಾಟ್‌ನ ಕಲ್ಲಿದ್ದಲು ಸ್ಥಾವರ ತರುವ ಯೋಜನೆಯಿತ್ತು, ಜನ ವಿರೋಧಿಸಿದರು, ಅದು ಬರಲಿಲ್ಲ. 2024ರಲ್ಲಿ ಈ ಅಳಿವೆ ಜೌಗುಪ್ರದೇಶಗಳ ರಾಮ್ಸರ್ ಪಟ್ಟಿಗೆ ಸೇರಿತು.

ಸಂಜೆ ರಿಕ್ಷಾ ಹಿಡಿದು ಸಾಣಿಕಟ್ಟಾದ ಉಪ್ಪಿನಾಗರಕ್ಕೆ ಹೋದೆ. ಭರತದ ನೀರನ್ನು ಕಾಲುವೆಯಲ್ಲಿ ಒಳಗೆ ಬಿಟ್ಟುಕೊಂಡು, ಒಂದು ಪಾತಿಯಿಂದ ಇನ್ನೊಂದಕ್ಕೆ ಹಾಯಿಸುತ್ತಾ ಬಿಸಿಲಿಗೆ ಗಟ್ಟಿ ಮಾಡುತ್ತಾರೆ. ಕೊನೆಯ ಪಾತಿಯ ಪಕ್ಕ ಕುಕ್ಕರಗಾಲಿನಲ್ಲಿ ಕೂತು ನೋಡಿದೆ. ನೀರಿನ ಮೇಲೆ ಪಾಕದ ಕೆನೆಯ ಹಾಗೆ ತೆಳ್ಳನೆ ಹರಳಿನ ಪೊರೆ ಕಟ್ಟಿತ್ತು, ಬೆರಳು ತಾಕಿಸಿದರೆ ಒಡೆದು ತಳಕ್ಕೆ ಇಳಿಯಿತು. ಒಬ್ಬ ಹಿರಿಯರು ಉದ್ದ ಹಿಡಿಯ ಹಲಗೆಯಿಂದ ತಳದ ಉಪ್ಪನ್ನು ಅಂಚಿಗೆ ಎಳೆಯುತ್ತಿದ್ದರು. ಮೇಲೆ ಮೇಲೆ ಎಳೆದರೆ ಉಪ್ಪು, ಒತ್ತಿ ಎಳೆದರೆ ಕೆಸರು. ಅವರ ಹಲಗೆ ಒಂದು ಸಲವೂ ಮಣ್ಣಿಗೆ ತಾಕಲಿಲ್ಲ. ಹಾಗಿದ್ದೂ ಈ ಉಪ್ಪಿಗೆ ಕೊಂಚ ಮಾಸಲು ಬಣ್ಣ. ಅಪ್ಪೆಮಿಡಿ ಹಾಕೋಕೆ ಇಲ್ಲಿಯವರು ಇದನ್ನೇ ಕೇಳಿ ಕೊಳ್ಳುತ್ತಾರೆ. ಒಂದು ಚೀಲ ನಿನಗೆ ತೆಗೆದುಕೊಂಡಿದ್ದೀನಿ, ಈ ವರ್ಷದ ಮಿಡಿ ನೀನೇ ಹಾಕು.

ಈಗ ಹೊರಡುವ ಮಾತು. ಶಿವರಾತ್ರಿ ತೇರಿನ ಜನಜಂಗುಳಿ ಮುಗಿದ ಕೂಡಲೇ ಬಾ, ಏಪ್ರಿಲ್‌ಗೆ ತಳ್ಳಬೇಡ, ಸೆಕೆ ತಡೆಯೋಕಾಗಲ್ಲ. ಬೆಂಗಳೂರಿನಿಂದ ಸಂಜೆ ಪಂಚಗಂಗಾ ಎಕ್ಸ್‌ಪ್ರೆಸ್ ಹತ್ತಿದರೆ ಬೆಳಿಗ್ಗೆ ಗೋಕರ್ಣ ರೋಡ್. ಸ್ಟೇಷನ್ ಊರೊಳಗಿಲ್ಲ, ಅಲ್ಲಿಂದ ರಿಕ್ಷಾ ಹಿಡಿಯಬೇಕು. ಎರಡು ಬಾಟಲಿ ನೀರು, ಟೋಪಿ, ಹಿಡಿತವಿರುವ ಶೂ, ಒಂದು ಪಂಚೆ ಸಾಕು. ಓಂ ಬೀಚ್ ದಾಟಿದ ಮೇಲೆ ಫೋನ್ ಸಿಗ್ನಲ್ ನಂಬಬೇಡ, ಮಧ್ಯಾಹ್ನದೊಳಗೆ ಬೇಲೆಕಾನ ಸೇರಿಬಿಡು.

ಮಕ್ಕಳ ಚಿಂತೆ ಬೇಡ. ಭಾವನಿಗೆ ಕುಕ್ಕರ್ ಇಡೋಕೆ ಬರುತ್ತೆ, ನಾನೇ ಕಣ್ಣಾರೆ ನೋಡಿದ್ದೀನಿ. ನನ್ನನ್ನು ಜೊತೆಗೆ ಕರೆಯಬೇಡ, ನಾನು ಬರಲ್ಲ. ನಿನ್ನ ಜೊತೆ ಇನ್ನೊಬ್ಬರಿದ್ದರೆ ನೀನು ಅವರ ಊಟ, ಅವರ ನೀರು, ಅವರ ಕಾಲುನೋವು ನೋಡುತ್ತಾ ಕೂರುತ್ತೀಯ, ಸಮುದ್ರ ನೋಡಲ್ಲ. ಮೊದಲು ಟಿಕೆಟ್ ತೆಗಿ, ಆಮೇಲೆ ಮನೆಯಲ್ಲಿ ಹೇಳು.

ನಿನ್ನ
ತಂಗಿ