ಜಾತಕವೂ ರಕ್ತಪರೀಕ್ಷೆಯೂ

ನಮ್ಮ ಮನೆಗಳಲ್ಲಿ ಜೋಪಾನವಾಗಿ ಕಾಯ್ದಿಡುವ ಕಾಗದಗಳು ಕೆಲವುಂಟು: ಜಮೀನಿನ ಪತ್ರ, ಮಕ್ಕಳ ಮಾರ್ಕ್ಸ್ ಕಾರ್ಡು, ಮೂಲೆಗೆ ಅರಿಸಿನ ಹಚ್ಚಿದ ಜಾತಕ. ಈಚೆಗೆ ಈ ಪಂಕ್ತಿಯಲ್ಲಿ ಇನ್ನೊಂದು ಕಾಗದ ಬಂದು ಕುಳಿತಿದೆ. ಅದೇ ರಕ್ತಪರೀಕ್ಷೆಯ ವರದಿ. ಜಾತಕಕ್ಕೂ ಇದಕ್ಕೂ ಸಾಮ್ಯ ಬಹಳ. ಎರಡರಲ್ಲಿಯೂ ಗೆರೆ ಎಳೆದ ಮನೆಗಳುಂಟು, ಮನೆಯೊಳಗೆ ಅಂಕಿಗಳುಂಟು. ಎರಡನ್ನೂ ಓದಬಲ್ಲವರು ಕೆಲವರೇ. ಫಲ ಹೇಳುವವರು ಮಾತ್ರ ಕೇರಿಯ ತುಂಬ!

ನಾನು ಇತಿಹಾಸ ಮತ್ತು ಕನ್ನಡ ಓದುತ್ತಿರುವವಳು. ಹಾರ್ಮೋನುಗಳಿಗೂ ನನಗೂ ಏನು ಸಂಬಂಧವೆಂದು ಗೆಳತಿಯರು ಹುಬ್ಬೇರಿಸಬಹುದು. ನನ್ನ ದೊಡ್ಡಮ್ಮನ ಮಗಳಿಗೆ ಮದುವೆಯಾಗಿ ನಾಲ್ಕು ವರ್ಷವಾಯಿತು, ಮಕ್ಕಳಾಗಿಲ್ಲ. ಅಕ್ಕ ಪರೀಕ್ಷೆಗೆ ಹೋಗುವಾಗಲೆಲ್ಲ ಜೊತೆಗೆ ಹೋಗುವ ಕೆಲಸ ನನ್ನದಾಯಿತು. ಹಾಗೆ ಹೋಗಿ, ಕಾದು, ಕೇಳಿ, ಓದಿ ತಿಳಿದದ್ದು ಇಷ್ಟು. ಅಕ್ಕನ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. “ಬರಿ, ನಾಳೆ ಇನ್ನೊಬ್ಬಳಿಗಾದರೂ ಉಪಯೋಗವಾದೀತು” ಎಂದಳು.

ಹಾರ್ಮೋನು ಎಂಬ ಶಬ್ದವನ್ನು ವೈದ್ಯಲೋಕದಲ್ಲಿ ಬಳಕೆಗೆ ತಂದವನು ಇಂಗ್ಲೆಂಡಿನ ಅರ್ನೆಸ್ಟ್ ಸ್ಟಾರ್ಲಿಂಗ್, 1905ರಲ್ಲಿ. ಗ್ರೀಕ್ ಭಾಷೆಯ ಮೂಲದಲ್ಲಿ ಅದಕ್ಕೆ ‘ಪ್ರಚೋದಿಸು’ ಎಂದರ್ಥ. ಕಚೇರಿಯ ಮಾತಿನಲ್ಲಿ ಹೇಳುವುದಾದರೆ ಹಾರ್ಮೋನು ಒಂದು ಹುಕುಂ. ಮಿದುಳಿನ ತಳದಲ್ಲಿ ಕಾಳಿನಷ್ಟು ಗಾತ್ರದ ಪಿಟ್ಯುಟರಿ ಗ್ರಂಥಿಯಿದೆ. ಅದನ್ನು ತಾಲ್ಲೂಕು ಕಚೇರಿ ಎಂದುಕೊಳ್ಳಿ. ಅಲ್ಲಿಂದ ಎಫ್.ಎಸ್.ಎಚ್., ಎಲ್.ಎಚ್. ಎಂಬ ಎರಡು ಹುಕುಮುಗಳು ರಕ್ತದ ಮೂಲಕ ಅಂಡಾಶಯವೆಂಬ ಹಳ್ಳಿಗೆ ಹೊರಡುತ್ತವೆ. ಮೊದಲನೆಯದು ಅಂಡವನ್ನು ಬೆಳೆಸೆನ್ನುತ್ತದೆ. ಎರಡನೆಯದು ಬೆಳೆದ ಅಂಡವನ್ನು ಹೊರಕ್ಕೆ ಬಿಡೆನ್ನುತ್ತದೆ. ಕೆಲಸ ನಡೆಯುತ್ತಿದ್ದರೆ ಹಳ್ಳಿಯಿಂದ ಈಸ್ಟ್ರಡಯಾಲ್ ಮೊದಲಾದ ಜವಾಬುಗಳು ಹಿಂದಕ್ಕೆ ಬರುತ್ತವೆ. ಜವಾಬು ಬಾರದಿದ್ದರೆ ತಹಸೀಲ್ದಾರರು ಏನು ಮಾಡುತ್ತಾರೆ? ಜ್ಞಾಪನಪತ್ರದ ಮೇಲೆ ಜ್ಞಾಪನಪತ್ರ ಕಳುಹಿಸುತ್ತಾರೆ. ಆದ್ದರಿಂದಲೇ ಮುಟ್ಟಿನ 2ನೆಯ ಅಥವಾ 3ನೆಯ ದಿನ ತೆಗೆದ ರಕ್ತದಲ್ಲಿ ಎಫ್.ಎಸ್.ಎಚ್. ಬಹಳ ಏರಿದ್ದರೆ ಅದು ಬಲದ ಗುರುತಲ್ಲ. ಅಂಡಾಶಯ ಜವಾಬು ಕೊಡಲು ತಡಮಾಡುತ್ತಿದೆಯೆಂಬುದರ ಗುರುತು. ಥೈರಾಯ್ಡ್ ಗ್ರಂಥಿಗೆ ಹೋಗುವ ಟಿ.ಎಸ್.ಎಚ್. ಎಂಬ ಹುಕುಮಿನದೂ ಬಹುಮಟ್ಟಿಗೆ ಇದೇ ನ್ಯಾಯ. ಪ್ರೊಲ್ಯಾಕ್ಟಿನ್ ಎಂಬ ಹಾಲಿನ ಹಾರ್ಮೋನಿನ ಸ್ವಭಾವವಂತೂ ಇನ್ನೂ ನಾಜೂಕು. ಸೂಜಿಯ ಭಯಕ್ಕೂ ಅದು ಕೊಂಚ ಏರಬಲ್ಲುದು! ಸ್ವಲ್ಪ ಏರಿದ್ದರೆ ವೈದ್ಯರು ಗಾಬರಿಪಡದೆ ಇನ್ನೊಮ್ಮೆ ನೋಡುತ್ತಾರೆ.

ಇವೆಲ್ಲ ರಕ್ತದಲ್ಲಿರುವ ಪ್ರಮಾಣವಾದರೂ ಎಷ್ಟು? ಒಂದು ಗ್ರಾಮನ್ನು ನೂರು ಕೋಟಿ ಪಾಲು ಮಾಡಿದರೆ ಬರುವ ಒಂದು ಪಾಲು ನ್ಯಾನೋಗ್ರಾಮ್. ಲೆಕ್ಕ ಆ ಮಟ್ಟದ್ದು. ಇಷ್ಟು ಸೂಕ್ಷ್ಮವಾದದ್ದನ್ನು ಅಳೆಯುವ ದಾರಿಯನ್ನು ತೋರಿಸಿದವರು ನ್ಯೂಯಾರ್ಕಿನ ರೋಸಲಿನ್ ಯಾಲೊ ಮತ್ತು ಸಾಲೊಮನ್ ಬರ್ಸನ್. 1950ರ ದಶಕದ ಕೊನೆಯಲ್ಲಿ ಇನ್ಸುಲಿನ್ನನ್ನು ಅಳೆಯಲು ಅವರು ರೂಪಿಸಿದ ವಿಧಾನವೇ ಮುಂದೆ ಇತರ ಹಾರ್ಮೋನುಗಳಿಗೂ ಅನ್ವಯವಾಯಿತು. ಯಾಲೊ ಓದಿದ್ದು ಭೌತಶಾಸ್ತ್ರ. ಬರ್ಸನ್ 1972ರಲ್ಲಿ ತೀರಿಕೊಂಡರು. 1977ರಲ್ಲಿ ನೊಬೆಲ್ ಪಾರಿತೋಷಕವನ್ನು ಸ್ವೀಕರಿಸಲು ಆಕೆಯೊಬ್ಬಳೇ ಉಳಿದಿದ್ದಳು. ನಮ್ಮ ಅಕ್ಕಂದಿರ ತೋಳಿನಿಂದ ತೆಗೆದ ಒಂದು ಸಣ್ಣ ಕೊಳವೆ ರಕ್ತ ಇಷ್ಟೆಲ್ಲ ಮಾತನಾಡುವುದರ ಹಿಂದೆ ಹೆಣ್ಣುಮಗಳೊಬ್ಬಳ ದುಡಿಮೆಯೂ ಇದೆಯೆಂಬುದು ನನಗೆ ಸಂತೋಷದ ಸಂಗತಿ.

ಆದರೆ ರಕ್ತ ಮಾತನಾಡುವುದು ಕೇಳಿದ ಪ್ರಶ್ನೆಗೆ ಮಾತ್ರ. ಅದೂ ಸರಿಯಾದ ದಿನ ಕೇಳಿದರೆ. ಅಂಡ ಬಿಡುಗಡೆಯಾಗಿದೆಯೇ ಎಂದು ತಿಳಿಯಲು ಪ್ರೊಜೆಸ್ಟರೋನ್ ನೋಡುತ್ತಾರೆ. ಇದಕ್ಕೆ ‘21ನೆಯ ದಿನದ ಪರೀಕ್ಷೆ’ ಎಂದೇ ಹೆಸರು ಬಿದ್ದಿದೆ. ಅಕ್ಕನಿಗೂ 21ನೆಯ ದಿನವೇ ರಕ್ತ ತೆಗೆದರು. ಅಂಕಿ ಕಡಿಮೆ ಬಂತು. “ಅಂಡವೇ ಬಿಡುಗಡೆಯಾಗುತ್ತಿಲ್ಲ” ಎಂದು ಅಲ್ಲಿದ್ದವರು ಹೇಳಿಬಿಟ್ಟರು. ಆ ರಾತ್ರಿ ಅಕ್ಕ ಊಟ ಮಾಡಲಿಲ್ಲ. ಎರಡು ತಿಂಗಳ ಮೇಲೆ ಬೇರೊಬ್ಬ ವೈದ್ಯೆಯ ಬಳಿಗೆ ಹೋದಾಗ ಆಕೆ ಕೇಳಿದ ಮೊದಲ ಪ್ರಶ್ನೆ, “ನಿಮಗೆ ಮುಟ್ಟು ಎಷ್ಟು ದಿನಕ್ಕೊಮ್ಮೆ ಬರುತ್ತಮ್ಮ?” ಅಕ್ಕನದು 35 ದಿನದ ಲೆಕ್ಕ. ಪರೀಕ್ಷೆ ಮಾಡಬೇಕಾದ್ದು ಮುಂದಿನ ಮುಟ್ಟಿಗೆ ಸುಮಾರು ಏಳು ದಿನ ಮುಂಚೆ. 28 ದಿನದವರಿಗೆ ಅದು 21ನೆಯ ದಿನ, ಅಕ್ಕನಿಗೆ 28ನೆಯ ದಿನ. ಆ ದಿನ ನೋಡಿದರೆ ಅಂಕಿ 3 ನ್ಯಾನೋಗ್ರಾಮನ್ನು ಚೆನ್ನಾಗಿಯೇ ದಾಟಿತ್ತು; ಅಂಡ ಬಿಡುಗಡೆಯಾಗಿತ್ತು. ಎರಡು ತಿಂಗಳು ಅಕ್ಕ ಅತ್ತದ್ದು ಕ್ಯಾಲೆಂಡರಿನ ಒಂದು ವಾರಕ್ಕಾಗಿ.

ಇನ್ನು ಎ.ಎಂ.ಎಚ್. ಎಂಬ ಮೂರಕ್ಷರ. ಅಂಡಾಶಯದಲ್ಲಿರುವ ಸಣ್ಣ ಅಂಡಕೋಶಗಳು ಸ್ರವಿಸುವ ಹಾರ್ಮೋನು ಇದು. ಉಗ್ರಾಣದಲ್ಲಿ ಎಷ್ಟು ದಾಸ್ತಾನಿದೆಯೆಂಬ ಅಂದಾಜು ಕೊಡುತ್ತದೆ. ಅಕ್ಕನದು 1.1 ಬಂತು. ಪಕ್ಕದ ಮನೆಯವರ ಸೊಸೆ ಇಂಗ್ಲೆಂಡಿನಲ್ಲಿದ್ದಾಳೆ. ಅವಳದು 8 ಅಂತೆ! “ಅವಳಿಗೆ ಎಂಟು, ನಮ್ಮವಳಿಗೆ ಒಂದು” ಎಂದು ಅಕ್ಕನ ಅತ್ತೆ ದೇವಸ್ಥಾನದಲ್ಲಿಯೂ ಹೇಳಿಕೊಂಡು ಬಂದರು. ಅಲ್ಲಿಯ ಲೆಕ್ಕ ಪಿಕೋಮೋಲ್‌ನಲ್ಲಿ, ಇಲ್ಲಿಯದು ನ್ಯಾನೋಗ್ರಾಮಿನಲ್ಲಿ. ನಮ್ಮ ಒಂದು ಅವರ ಏಳಕ್ಕೆ ಸಮ. ಅಂದರೆ ಇಬ್ಬರ ದಾಸ್ತಾನೂ ಹೆಚ್ಚುಕಡಿಮೆ ಒಂದೇ. ಸೇರನ್ನೂ ಪಾವನ್ನೂ ತಾಳೆ ನೋಡಿದ ಹಾಗಾಯಿತು. ಅದೂ ಅಲ್ಲದೆ ದಾಸ್ತಾನು ಕಡಿಮೆಯೆಂದ ಮಾತ್ರಕ್ಕೆ ಗರ್ಭ ನಿಲ್ಲದೆಂದಲ್ಲ. 2017ರಲ್ಲಿ ಅಮೆರಿಕದ ವೈದ್ಯ ಸಂಘದ ಪತ್ರಿಕೆಯಲ್ಲಿ ಒಂದು ಅಧ್ಯಯನ ಪ್ರಕಟವಾಯಿತು. ಅದರಲ್ಲಿ ಹಿಂದೆ ಬಂಜೆತನದ ತೊಂದರೆಯಿಲ್ಲದ, 30ರಿಂದ 44 ವಯಸ್ಸಿನ ಸುಮಾರು 750 ಮಹಿಳೆಯರನ್ನು ಗಮನಿಸಿದ್ದರು. ಎ.ಎಂ.ಎಚ್. ಕಡಿಮೆಯಿದ್ದವರು ಸಹಜವಾಗಿ ಗರ್ಭಿಣಿಯರಾಗುವ ಸಾಧ್ಯತೆ ಉಳಿದವರಿಗಿಂತ ಕಡಿಮೆಯೆಂದು ಅಲ್ಲಿ ಕಂಡುಬರಲಿಲ್ಲ. ಚುಚ್ಚುಮದ್ದು ಕೊಟ್ಟರೆ ಎಷ್ಟು ಅಂಡ ಸಿಕ್ಕೀತೆಂದು ಅಂದಾಜು ಮಾಡಲು ಈ ಅಂಕಿ ಉಪಯುಕ್ತ. ಮದುವೆಗೆ ಮುನ್ನವೇ ಹೆಣ್ಣಿನ ಭವಿಷ್ಯ ನುಡಿಯಲು ಇದು ಒದಗಿಬರುವುದಿಲ್ಲ.

ಇಷ್ಟಾಗುವ ಹೊತ್ತಿಗೆ ಅಕ್ಕನ ತೋಳಿನಿಂದ ಏಳು ಸಲ ರಕ್ತ ತೆಗೆದಿದ್ದರು. ಭಾವನಿಗೆ ಒಂದು ಪರೀಕ್ಷೆಯೂ ಆಗಿರಲಿಲ್ಲ. ಭಾವ ಕೆಟ್ಟವರಲ್ಲ, ಅವರನ್ನು ಯಾರೂ ಕೇಳಿರಲಿಲ್ಲ, ಅಷ್ಟೆ. ಕೇಳಿದವರು ನಮ್ಮ ಅಜ್ಜಿ. ಓದುಬರಹ ತಿಳಿಯದ ಎಂಬತ್ತರ ಮುದುಕಿ ಹಬ್ಬಕ್ಕೆ ಬಂದ ಬೀಗಿತ್ತಿಯ ಎದುರಿಗೆ ಎಲೆಯಡಿಕೆ ಹಾಕಿಕೊಳ್ಳುತ್ತ, “ಅಲ್ಲಮ್ಮ, ಜಾತಕ ಇಬ್ಬರದೂ ನೋಡಿದಿರಿ. ರಕ್ತ ಮಾತ್ರ ಇವಳೊಬ್ಬಳದೇ ಯಾಕೆ?” ಎಂದರು. ಯಾರೂ ಉತ್ತರ ಕೊಡಲಿಲ್ಲ. ಭಾವ ತಲೆಯೆತ್ತಿ ಅಜ್ಜಿಯನ್ನು ನೋಡಿ, “ಮುಂದಿನ ವಾರ ನಾನೂ ಹೋಗ್ತೀನಿ, ಅಜ್ಜಿ” ಎಂದರು.

ಗರ್ಭ ನಿಲ್ಲದಿರುವ ದಂಪತಿಗಳಲ್ಲಿ ಸುಮಾರು ಅರ್ಧದಷ್ಟು ಕಡೆ ಗಂಡಿನ ಕಾರಣವೂ ಸೇರಿರುತ್ತದೆಂದು ವೈದ್ಯರೇ ಹೇಳುತ್ತಾರೆ. ಗಂಡಿಗೆ ಮೊದಲು ಮಾಡುವುದು ವೀರ್ಯಪರೀಕ್ಷೆ. ಸೂಜಿಯೂ ಬೇಡ, ನೋವೂ ಇಲ್ಲ. ಅದರಲ್ಲಿ ಕೊರತೆ ಕಂಡರೆ ಇನ್ನೊಮ್ಮೆ ಮಾಡಿ ಖಚಿತಪಡಿಸಿಕೊಂಡು, ಬಳಿಕ ಟೆಸ್ಟೋಸ್ಟರೋನ್, ಎಫ್.ಎಸ್.ಎಚ್. ಮೊದಲಾದವನ್ನು ರಕ್ತದಲ್ಲಿ ನೋಡುತ್ತಾರೆ. ಟೆಸ್ಟೋಸ್ಟರೋನ್ ಬೆಳಗಿನ ಹೊತ್ತು ಹೆಚ್ಚಿರುವುದರಿಂದ ಆ ರಕ್ತವನ್ನು ಬೆಳಗ್ಗೆಯೇ ತೆಗೆಯಬೇಕು. ಹೌದು, ಎಫ್.ಎಸ್.ಎಚ್. ಗಂಡಸರಲ್ಲಿಯೂ ಉಂಟು, ಹುಕುಂ ಬರೆಯುವ ಕಚೇರಿ ಇಬ್ಬರಿಗೂ ಒಂದೇ ಬಗೆಯದು. ಭಾವನ ಎರಡು ಪರೀಕ್ಷೆಗಳಲ್ಲಿಯೂ ಸಂಖ್ಯೆ ಕಡಿಮೆ ಬಂತು. ಅಕ್ಕನಿಗೆ ಥೈರಾಯ್ಡಿನ ಅಲ್ಪ ದೋಷವೂ ಇತ್ತು. ಈಗ ಇಬ್ಬರೂ ಒಟ್ಟಿಗೆ ಹೋಗಿ ಬರುತ್ತಾರೆ. ಮಗುವಿನ ಸುದ್ದಿ ಇನ್ನೂ ಇಲ್ಲ. ಆದರೆ ಅಕ್ಕ ಈಗ ನಾಮಕರಣಗಳಿಗೆ ಹೋಗುತ್ತಾಳೆ. ತೊಟ್ಟಿಲಿನ ಹತ್ತಿರ ನಿಂತು ಹಾಡುತ್ತಾಳೆ. ಹೋದ ವರ್ಷ ಅವಳು ಬಾಗಿಲಿನಾಚೆಯೇ ನಿಂತಿದ್ದನ್ನು ನಾನು ನೋಡಿದ್ದೇನೆ.

ಇದನ್ನು ಓದುವ ಸಹಪಾಠಿಗಳು ನಾಳೆಯೇ ಪ್ರಯೋಗಶಾಲೆಗೆ ಓಡಬೇಕಾಗಿಲ್ಲ. ಒಂದು ವರ್ಷ ಪ್ರಯತ್ನಿಸಿಯೂ ಫಲವಿಲ್ಲದಿದ್ದರೆ, ಹೆಣ್ಣಿಗೆ 35 ವರ್ಷ ದಾಟಿದ್ದರೆ ಆರು ತಿಂಗಳಿಗೆ, ವೈದ್ಯರನ್ನು ಕಾಣಬೇಕೆಂಬುದು ರೂಢಿಯ ನಿಯಮ. ಮುಟ್ಟು ಏರುಪೇರಾಗಿದ್ದರೆ ಅಷ್ಟು ಕಾಯಬೇಕಾಗಿಲ್ಲ. ಹೋಗುವಾಗ ಮೂರು ಪ್ರಶ್ನೆ ಕೇಳಿ: ಈ ಅಂಕಿಯಿಂದ ಏನು ತಿಳಿಯುತ್ತದೆ? ಇದಕ್ಕೆ ಸರಿಯಾದ ದಿನ ಯಾವುದು? ಜೊತೆಯಲ್ಲಿ ಇನ್ನೊಬ್ಬರು ಬಂದಿದ್ದಾರೆಯೇ?

ಕಡೆಯದಾಗಿ ನಮ್ಮ ಕನ್ನಡ ಅಧ್ಯಾಪಕರಲ್ಲಿ ಒಂದು ವಿಜ್ಞಾಪನೆ. ‘ಬಂಜೆ’ ಎಂಬ ಪದವನ್ನು ನಾನು ಹುಟ್ಟಿದಾಗಿನಿಂದ ಕೇಳಿದ್ದೇನೆ. ಅದರ ಪುಲ್ಲಿಂಗ ರೂಪವನ್ನು ಮನೆಯಲ್ಲಾಗಲಿ ಬೀದಿಯಲ್ಲಾಗಲಿ ಒಬ್ಬರ ಬಾಯಲ್ಲಿಯೂ ಕೇಳಿಲ್ಲ. ಹೊಸ ಪದವೊಂದನ್ನು ಟಂಕಿಸಿಕೊಡಿರೆಂದು ನಾನು ಬೇಡುತ್ತಿಲ್ಲ. ಇರುವ ಹಳೆಯ ಪದವನ್ನು ಬಳಕೆಯಿಂದ ಬಿಟ್ಟರೆ ಸಾಕು.