ಅರಬೈಲ್ ಘಟ್ಟ ಕಲಿಸಿದ ಪಾಠ

ಧಾರವಾಡದಿಂದ ಕಲಘಟಗಿಯ ಮಾರ್ಗವಾಗಿ ಯಲ್ಲಾಪುರಕ್ಕೆ, ಅಲ್ಲಿಂದ ಅರಬೈಲ್ ಘಟ್ಟವನ್ನಿಳಿದು ಅಂಕೋಲೆಗೆ ಹೋಗುವ ದಾರಿ ನಮ್ಮ ಭಾಗದ ಜನರಿಗೆ ಚಿರಪರಿಚಿತವಾದುದು. ಎರೆಹೊಲಗಳು ಹಿಂದಾಗಿ ಭತ್ತದ ಗದ್ದೆಗಳು ಕಾಣತೊಡಗುತ್ತವೆ. ಅವೂ ಮರೆಯಾಗಿ ಕಾಡು ರಸ್ತೆಯ ಎರಡೂ ಬದಿಯನ್ನು ಆವರಿಸುತ್ತದೆ. ಒಂದೇ ಬೆಳಗಿನಲ್ಲಿ ಬಯಲುಸೀಮೆ, ಮಲೆನಾಡು, ಕರಾವಳಿ ಮೂರನ್ನೂ ಕಾಣಬಹುದಾದುದು ಈ ದಾರಿಯ ಸೊಗಸು.

2019ರ ಜನವರಿಯಲ್ಲಿ ನಾವು ಈ ದಾರಿ ಹಿಡಿದುದು ಮಾತ್ರ ಭಾರವಾದ ಮನಸ್ಸಿನಿಂದ. ನಮ್ಮದು ತಂದೆಯವರು 1991ರಲ್ಲಿ ಕೊಂಡ ಅಂಬಾಸಡರ್ ಕಾರು. ಅವರು ತೀರಿಕೊಂಡ ಮೇಲೆ ಅದನ್ನು ನಾನೇ ಓಡಿಸುತ್ತ ಬಂದಿದ್ದೆ. ಆರು ತಿಂಗಳಿಂದ ಅದರ ರೇಡಿಯೇಟರಿನ ನೀರು ಕಾರಣವಿಲ್ಲದೆ ಕಡಿಮೆಯಾಗುತ್ತಿತ್ತು. ಒಬ್ಬ ಮೆಕ್ಯಾನಿಕ್ ರಬ್ಬರಿನ ಪೈಪುಗಳನ್ನು ಬದಲಿಸಿದ. ಇನ್ನೊಬ್ಬ ಮುಚ್ಚಳವನ್ನು ಬದಲಿಸಿದ. ಮೂರನೆಯವನು, "ಹೆಡ್ ಗ್ಯಾಸ್ಕೆಟ್ ಹೋಗಿದೆ, ಇಂಜಿನ್ ಬಿಚ್ಚಬೇಕು. ಅಷ್ಟು ಖರ್ಚು ಮಾಡುವ ಬದಲು ಮಾರಿಬಿಡಿ" ಎಂದ. ಮಾರುವುದೆಂದು ನಾನು ನಿಶ್ಚಯಿಸಿದೆ. ಅವ್ವ ಎದುರಾಡಲಿಲ್ಲ. "ಕೊಡೂದಕ್ಕ ಮೊದಲ ಒಮ್ಮೆ ಅದರಾಗ ಸಮುದ್ರ ನೋಡಿ ಬರೂಣು" ಎಂದಷ್ಟೇ ಹೇಳಿದರು. ಕಾರು ಕೊಂಡ ವರ್ಷ ತಂದೆಯವರು ಎಲ್ಲರನ್ನೂ ಅಂಕೋಲೆಗೆ ಕರೆದೊಯ್ದದ್ದು ಇದೇ ದಾರಿಯಲ್ಲಿ.

ಇಳಿಯುವಾಗ ಯಾವ ತೊಂದರೆಯೂ ಆಗಲಿಲ್ಲ. 1930ರ ಉಪ್ಪಿನ ಸತ್ಯಾಗ್ರಹದಿಂದ ಹೆಸರಾದ ಅಂಕೋಲೆಯಲ್ಲಿ ಎರಡು ದಿನ ತಂಗಿ, ಮಕ್ಕಳೊಡನೆ ಕಡಲ ತೀರದಲ್ಲಿ ಸುತ್ತಾಡಿದೆವು. ರಾತ್ರಿ ಕಾರಿನಡಿಗೆ ಒಂದು ರಟ್ಟನ್ನು ಹಾಸಿಟ್ಟಿದ್ದೆ. ಬೆಳಿಗ್ಗೆ ಅದು ಒಣಗಿಯೇ ಇತ್ತು. ಆದರೂ ಬಂದ ದಾರಿಗೆ ಅರ್ಧ ಲೀಟರಿಗೂ ಹೆಚ್ಚು ನೀರು ಕಡಿಮೆಯಾಗಿತ್ತು. ಹೊರಗೆ ಸೋರದ ನೀರು ಇಂಜಿನ್ನಿನೊಳಗೇ ಹೋಗುತ್ತಿರಬೇಕು, ಮೂರನೆಯವನ ಮಾತೇ ನಿಜವೆಂದು ನನಗೆ ತೋರಿತು.

ಮೂರನೆಯ ದಿನ ಹಿಂದಿರುಗಿದೆವು. ಯಲ್ಲಾಪುರ ಸಮುದ್ರ ಮಟ್ಟದಿಂದ 500 ಮೀಟರಿಗೂ ಎತ್ತರದಲ್ಲಿದೆ; ಆ ಎತ್ತರದ ಬಹುಪಾಲನ್ನು ಘಟ್ಟದ ತಿರುವುಗಳಲ್ಲಿಯೇ ಏರಬೇಕು. ಭಾರದ ಲಾರಿಗಳ ಹಿಂದೆ ಎರಡನೆಯ ಗೇರಿನಲ್ಲಿ ಏರುತ್ತಿದ್ದಂತೆ ಉಷ್ಣತೆಯ ಮುಳ್ಳು ಮೇಲೇರಿತು; ಬಾನೆಟ್ಟಿನ ಸಂದಿಯಿಂದ ಹಬೆ ಬಂದಿತು. ಅಗಲವಾದ ಒಂದು ತಿರುವಿನಲ್ಲಿ ಕಾರನ್ನು ಬದಿಗೆ ನಿಲ್ಲಿಸಿ ಇಂಜಿನ್ ಆರಿಸಿದೆ.

ನನ್ನ ಮಗ ಬಟ್ಟೆ ಹಿಡಿದು ರೇಡಿಯೇಟರಿನ ಮುಚ್ಚಳ ತಿರುಗಿಸಲು ಹೋದ. ಅವ್ವ ಗದರಿದರು: "ಏ ತಮ್ಮಾ, ಕೈ ತಗಿ! ಉರಿ ಆರಿಸಿದ ಕೂಡಲೇ ಕುಕ್ಕರಿನ ಮುಚ್ಚಳ ತಗೀತಾರೇನು?"

ಆ ಮಾತು ಅವನ ಮುಖವನ್ನೂ ಕೈಯನ್ನೂ ಉಳಿಸಿತು. ರೇಡಿಯೇಟರಿನ ಮುಚ್ಚಳ ಕುಕ್ಕರಿನ ಮುಚ್ಚಳದಂತೆಯೇ ಒತ್ತಡವನ್ನು ಹಿಡಿದಿಡುತ್ತದೆ. ಆ ಒತ್ತಡದಲ್ಲಿ ನೀರು 100 ಡಿಗ್ರಿಯಾದರೂ ಕುದಿಯುವುದಿಲ್ಲ. ಮುಚ್ಚಳ ತೆಗೆದೊಡನೆ ಒಮ್ಮೆಲೇ ಕುದಿದು ಮೇಲೆ ಚಿಮ್ಮುತ್ತದೆ.

ಸ್ವಲ್ಪ ಹೊತ್ತಿನ ಮೇಲೆ ಅವ್ವ ಮತ್ತೊಂದು ಮಾತು ಹೇಳಿದರು: "ನಮ್ಮ ಕುಕ್ಕರಿನ ರಬ್ಬರ್ ಸಡಲಾದಾಗ ಏನಾಕ್ಕಿತ್ತು? ಉರಿ ಸಣ್ಣದಿದ್ದಾಗ ಏನೂ ಇಲ್ಲ. ಸೀಟಿ ಹೊಡಿಯೂ ಹೊತ್ತಿಗೆ ಬದಿಯಿಂದ ಬುಸ್ ಅಂತ ಹಬೆ ಬರತಿತ್ತು."

ರಟ್ಟು ಏಕೆ ಒಣಗಿತ್ತೆಂಬುದು ನನಗೆ ಆಗ ಹೊಳೆಯಿತು. ಮೂವರು ಮೆಕ್ಯಾನಿಕರೂ ಕಾರನ್ನು ನೋಡಿದ್ದು ತಣ್ಣಗೆ ನಿಂತಾಗ. ಅದು ಸೋರುತ್ತಿದ್ದುದು ಒತ್ತಡ ಏರಿದಾಗ. ಮುಕ್ಕಾಲು ಗಂಟೆ ಕಾದೆವು. ಇಂಜಿನ್ ಕೈ ಮುಟ್ಟುವಷ್ಟು ತಣಿದ ಮೇಲೆ ಕುಡಿಯುವ ನೀರಿನ ಬಾಟಲಿಗಳನ್ನು ನಿಧಾನವಾಗಿ ಸುರಿದೆ. ಕಾದ ಇಂಜಿನ್ನಿಗೆ ತಣ್ಣೀರು ಬಿದ್ದರೆ ಲೋಹ ಬಿರುಕು ಬಿಡಬಹುದು. ದಾರಿಯಲ್ಲಿ ಮತ್ತೆರಡು ಕಡೆ ನಿಲ್ಲಿಸಿ, ತಣಿಸಿ ಯಲ್ಲಾಪುರ ಸೇರಿದೆವು.

ಅಲ್ಲಿಯ ಸಣ್ಣ ಗ್ಯಾರೇಜಿನ ವೃದ್ಧ ಮಿಸ್ತ್ರಿ ಯಾವುದನ್ನೂ ಬಿಚ್ಚಲು ಆತುರಪಡಲಿಲ್ಲ. ಮೊದಲು ಎಣ್ಣೆಯ ಕಡ್ಡಿಯನ್ನು ಎಳೆದು ನೋಡಿದರು. ನೀರು ಬೆರೆತಿದ್ದರೆ ಎಣ್ಣೆ ಹಾಲು ಹಾಕಿದ ಚಹಾದಂತೆ ಕಾಣುತ್ತದೆ. ನಮ್ಮದು ಕಪ್ಪಗೆ ತಿಳಿಯಾಗಿತ್ತು. ತಣ್ಣಗಿನ ಇಂಜಿನ್ನಿನ ಮುಚ್ಚಳ ತೆರೆದು, ಚಾಲೂ ಮಾಡಿಸಿ, ನೀರಿನಲ್ಲಿ ಗುಳ್ಳೆಗಳು ಏಳುತ್ತವೆಯೇ ಎಂದು ನೋಡಿದರು, ಏಳಲಿಲ್ಲ. ಇಂಜಿನ್ ಬಿಸಿಯಾಗುತ್ತ ಬಂದರೂ ಹೊಗೆಕೊಳವೆಯಿಂದ ದಟ್ಟವಾದ ಬಿಳಿ ಹೊಗೆ ಬರಲಿಲ್ಲ. "ಗ್ಯಾಸ್ಕೆಟ್ ಹೋಗಿದ್ದಕ್ಕೆ ಗುರುತೇ ಇಲ್ಲ. ಹೊರಗೇ ಹುಡುಕುವಾ" ಎಂದರು.

ಅನಂತರ ಇಂಜಿನ್ ತಣಿಯುವವರೆಗೆ ಕಾದು, ಅದನ್ನು ತೊಳೆದು ಬಟ್ಟೆಯಿಂದ ಒರೆಸಿ ಒಣಗಿಸಿದರು. ರೇಡಿಯೇಟರಿನ ಬಾಯಿಗೆ ಮೀಟರು ಇದ್ದ ಒಂದು ಕೈಪಂಪನ್ನು ಜೋಡಿಸಿ, ಮುಚ್ಚಳದ ಮೇಲೆ ಬರೆದಿದ್ದಷ್ಟೇ ಒತ್ತಡ ಕೊಟ್ಟರು. ತಣ್ಣಗಿನ ಇಂಜಿನ್ನಿನಲ್ಲಿಯೇ ಘಟ್ಟದ ಒತ್ತಡ ಉಂಟಾಯಿತು. ನಾವೆಲ್ಲರೂ ಮೀಟರನ್ನೇ ನೋಡುತ್ತ ನಿಂತೆವು. ಹತ್ತು ನಿಮಿಷದೊಳಗೆ ಮುಳ್ಳು ಮೆಲ್ಲಗೆ ಇಳಿಯಿತು. ಬ್ಯಾಟರಿ ಬಿಟ್ಟು ನೋಡಿದರೆ, ನೀರಿನ ಪಂಪಿನ ಕೆಳಭಾಗದ ಸಣ್ಣ ರಂಧ್ರದಲ್ಲಿ ಒಂದು ಹನಿ ಮೂಡಿ ನಿಂತಿತ್ತು.

"ಪಂಪಿನ ಸೀಲು ಸವೆದರೆ ನೀರು ಬೇರಿಂಗಿಗೆ ಹೋಗದೆ ಹೊರಗೆ ಬರಲಿ ಅಂತಲೇ ಈ ತೂತು ಇಟ್ಟಿರ್ತಾರೆ. ಇದು ಎಚ್ಚರಿಕೆ, ಇದನ್ನ ಮುಚ್ಚಬಾರದು" ಎಂದರು ಮಿಸ್ತ್ರಿ. ಫ್ಯಾನಿನ ರೆಕ್ಕೆ ಹಿಡಿದು ಅಲುಗಿಸಿದಾಗ ಪಂಪಿನ ದಂಡವೂ ಅಲುಗಾಡಿತು. ಫ್ಯಾನಿನ ಗಾಳಿ ಆ ಹನಿಗಳನ್ನು ಹಿಂದಕ್ಕೆ ಎರಚಿದ್ದರಿಂದ ಪೈಪುಗಳು ಒದ್ದೆಯಾಗಿ ಕಂಡಿದ್ದವು. ಬಿಸಿ ಇಂಜಿನ್ ಉಳಿದುದನ್ನು ಆವಿಯಾಗಿಸಿತ್ತು. ಆದ್ದರಿಂದ ಒದ್ದೆಯಾದ ಜಾಗವನ್ನಲ್ಲ, ಅದಕ್ಕಿಂತ ಮೇಲಿನ ಮತ್ತು ಮುಂದಿನ ಜಾಗವನ್ನು ಹುಡುಕಬೇಕು.

ಹೊಸ ಪಂಪು ಹುಬ್ಬಳ್ಳಿಯಿಂದ ಮರುದಿನ ಬಸ್ಸಿನಲ್ಲಿ ಬರಬೇಕಾಗಿತ್ತು. ಆ ಬಿಡುವಿನಲ್ಲಿ ಬಾಡಿಗೆಯ ವಾಹನದಲ್ಲಿ ಮಾಗೋಡಿಗೆ ಹೋದೆವು. ಬೇಡ್ತಿ ನದಿ ಅಲ್ಲಿ ಸುಮಾರು 200 ಮೀಟರು ಆಳಕ್ಕೆ ಧುಮುಕಿ, ಮುಂದೆ ಗಂಗಾವಳಿಯೆಂಬ ಹೆಸರಿನಿಂದ ಅಂಕೋಲೆಯ ದಕ್ಷಿಣಕ್ಕೆ ಸಮುದ್ರ ಸೇರುತ್ತದೆ. ಎರಡು ದಿನದ ಹಿಂದೆ ಕಡಲ ದಂಡೆಯಲ್ಲಿ ಸುಮ್ಮನೆ ಕುಳಿತಿದ್ದ ಅವ್ವ, ಅಂದು ಮೊಮ್ಮಕ್ಕಳಿಗೆ ತಂದೆಯವರ ಕತೆಗಳನ್ನು ಹೇಳುತ್ತಲೇ ಇದ್ದರು.

ಮರುದಿನ ಸಂಜೆ ಕಾರು ಸಿದ್ಧವಾಯಿತು. ಹೊರಡುವ ಮುನ್ನ ಮಿಸ್ತ್ರಿ ಹಳೆಯ ಪಂಪನ್ನು ತೋರಿಸಿದರು. ಒಳಗೆಲ್ಲ ಸುಣ್ಣದಂತಹ ಪದರ. ಅದು ವರ್ಷಗಟ್ಟಲೆ ಬೋರಿನ ಗಡಸು ನೀರು ತುಂಬಿದ ಫಲ. ಶುದ್ಧ ನೀರಿಗೆ ಸಮಪಾಲು ಕೂಲಂಟ್ ಬೆರೆಸಿ ಹಾಕಿದರು. ಅದು ತುಕ್ಕನ್ನು ತಡೆಯುತ್ತದೆ, ಅದರ ಹಸಿರು ಬಣ್ಣ ಸೋರಿಕೆಯ ಜಾಡನ್ನೂ ತೋರಿಸುತ್ತದೆ. ಆದರೆ ಅದು ಸಿಹಿ ರುಚಿಯ ವಿಷ. ಮಕ್ಕಳಿರುವ ಮನೆಯಲ್ಲಿ, ನಾಯಿ ಓಡಾಡುವ ಅಂಗಳದಲ್ಲಿ ಅದನ್ನು ಚೆಲ್ಲಿ ಬಿಡಬಾರದು.

ಹಳೆಯ ಕಾರುಳ್ಳ ಓದುಗರಿಗೆ ನನ್ನ ವಿನಂತಿ ಇಷ್ಟೇ: ನೀರು ಕಡಿಮೆಯಾದರೆ ತುಂಬಿಸಿ ಸುಮ್ಮನಾಗಬೇಡಿರಿ; ಯಾರೋ ಹೇಳಿದರೆಂದು ಇಂಜಿನ್ನನ್ನೂ ಬಿಚ್ಚಿಸಬೇಡಿರಿ. ತೊಳೆದು, ಒಣಗಿಸಿ, ಒತ್ತಡ ಕೊಟ್ಟು, ತಾಳ್ಮೆಯಿಂದ ನೋಡಿಸಿರಿ. ಆರು ತಿಂಗಳು ನಾನು ನೀರು ಸುರಿದೆನೇ ಹೊರತು ಒಮ್ಮೆಯೂ ಹಾಗೆ ನೋಡಿರಲಿಲ್ಲ.

ಕಾರು ನಮ್ಮ ಅಂಗಳದಲ್ಲಿಯೇ ಉಳಿಯಿತು. ಮಾರುವ ಮಾತನ್ನು ನಾನು ಮತ್ತೆ ಎತ್ತಲಿಲ್ಲ, ಅವ್ವನೂ ಕೇಳಲಿಲ್ಲ.