ಅಪ್ಪನ ಸೈಟು

ಹತ್ತಿ ವ್ಯಾಪಾರಿಯೊಬ್ಬ ರಿವಾಲ್ವರಿಗೆ ಲೈಸೆನ್ಸ್ ಕೇಳುವುದು 1960ರ ದಶಕದಲ್ಲಿ ಅಂಥ ವಿಶೇಷವಾಗಿರಲಿಲ್ಲ. ರೊಕ್ಕದ ಚೀಲ ಹಿಡಿದು ರಾತ್ರಿ ಊರಿಗೆ ಮರಳಬೇಕು, ದಾರಿಯಲ್ಲಿ ಭಯ. ಅರ್ಜಿಗೆ ಅಷ್ಟು ಸಾಕಿತ್ತು. ವಿಚಿತ್ರವೆಂದರೆ, ಲೈಸೆನ್ಸ್ ಕೈಗೆ ಬಂದ ಮೇಲೆ ಆ ಮನುಷ್ಯ ಮುಂಬೈಗೆ ಹೋಗಿ ಕೊಂಡು ತಂದದ್ದು ಜೇಬಿಗೂ ಸೊಂಟಕ್ಕೂ ಒಗ್ಗದ, ಆರು ಇಂಚು ಬ್ಯಾರೆಲ್ಲಿನ, ಗುಂಡು ತುಂಬಿದರೆ ಒಂದು ಕಿಲೋ ಮೀರುವ ಟಾರ್ಗೆಟ್ ರಿವಾಲ್ವರ್. ಅದೂ ಪಾಯಿಂಟ್ 22ರದು, ಸೆಕೆಂಡ್‌ಹ್ಯಾಂಡ್. ಕಳ್ಳರಿಗಾಗಿ ಮಾಡಿದ್ದಲ್ಲ ಅದು. ಕಾಗದಕ್ಕೆ ತೂತು ಹಾಕಲು ಮಾಡಿದ್ದು. ಭಾನುವಾರ ಬೆಳಿಗ್ಗೆ ಕ್ಯಾನ್ವಾಸ್ ಚೀಲದಲ್ಲಿ ಅದನ್ನಿಟ್ಟುಕೊಂಡು ಅಪ್ಪ ಹೊರಟರೆ ಮಧ್ಯಾಹ್ನದ ಊಟಕ್ಕೆ ಬರುತ್ತಿದ್ದರು. ಎಲ್ಲಿಗೆ ಹೋಗುತ್ತಾರೆ, ಏನು ಹೊಡೆಯುತ್ತಾರೆ ಎಂದು ಮಗನೂ ಮಗಳೂ ಒಮ್ಮೆಯೂ ಕಣ್ಣಾರೆ ನೋಡಿದವರಲ್ಲ.

ಮಗ ಈಗ ಪುಣೆಯಲ್ಲಿದ್ದಾರೆ. ಬ್ಯಾಂಕಿನಿಂದ ನಿವೃತ್ತರು, ವಯಸ್ಸು 63. ಅಪ್ಪ ತೀರಿಕೊಂಡ ತಿಂಗಳಲ್ಲೇ ರಿವಾಲ್ವರನ್ನು ಊರಿನ ಬಂದೂಕಿನ ಅಂಗಡಿಯಲ್ಲಿ ಠೇವಣಿ ಇಟ್ಟರು. 1959ರ ಶಸ್ತ್ರಾಸ್ತ್ರ ಕಾಯ್ದೆ ಹೇಳುವುದೇ ಹಾಗೆ: ಲೈಸೆನ್ಸ್‌ದಾರ ಹೋದ ಮೇಲೆ ಆಯುಧ ಮನೆಯಲ್ಲಿರಕೂಡದು, ಪೊಲೀಸ್ ಠಾಣೆಗೋ ಡೀಲರನಿಗೋ ಒಪ್ಪಿಸಬೇಕು. ಅಂಗಡಿಯವನು ರಸೀದಿ ಬರೆಯುತ್ತಲೇ ಬೆಲೆ ಹೇಳಿದ. ಅದು ಲಕ್ಷಗಳಲ್ಲಿತ್ತು. 1980ರ ದಶಕದಲ್ಲಿ ಆಮದು ನಿಂತ ಮೇಲೆ ಇಂಥ ಹಳೆಯ ವಿದೇಶಿ ಮಾಲಿಗೆ ನಮ್ಮಲ್ಲಿ ಬೆಲೆ ಏರುತ್ತಲೇ ಬಂದಿದೆ.

ಮಾರುವುದೇ ಸರಿ ಎಂದು ಅಕ್ಕನ ವಾದ. ವಾರಸುದಾರನ ಹೆಸರಿಗೆ ಲೈಸೆನ್ಸ್ ಆಗಬೇಕಾದರೆ ಉಳಿದ ವಾರಸುದಾರರು ತಮ್ಮ ತಕರಾರಿಲ್ಲ ಎಂದು ಅಫಿಡವಿಟ್ ಕೊಡಬೇಕು. ಆಕೆ ನಾಲ್ಕು ತಿಂಗಳು ಕೊಡಲಿಲ್ಲ.

"ಅವ್ವ ಸಾಯೂತನಕಾ ಆ ಕಪಾಟಿನ ಮುಂದ ಹಾಯಲಿಕ್ಕೆ ಅಂಜತಿದ್ಲು. ಅದನ್ನ ತಗೊಂಡು ನೀ ಏನ್ ಮಾಡಾಂವ ತಮ್ಮಾ?"

ಇದಕ್ಕೆ ಅವರಲ್ಲಿ ಉತ್ತರವಿರಲಿಲ್ಲ. ಉತ್ತರದಂಥದ್ದು ಸಿಕ್ಕಿದ್ದು ಟ್ರಂಕಿನಲ್ಲಿ. ಹಳೆಯ ಲೆಕ್ಕದ ಪುಸ್ತಕಗಳ ಕೆಳಗೆ ದಾರ ಕಟ್ಟಿದ ಗುರಿ ಕಾಗದಗಳ ಕಟ್ಟು ಇತ್ತು. ಪ್ರತಿಯೊಂದರ ಮೇಲೂ ಪೆನ್ಸಿಲಿನಲ್ಲಿ ತಾರೀಖು, ಅಂಕ. ತೂತುಗಳು ನಡುವಿನ ವೃತ್ತದ ಸುತ್ತ ಒತ್ತೊತ್ತಾಗಿ, ಕೆಲವು ಒಂದರ ಮೈಮೇಲೊಂದು. ಅಂಗಡಿಯ ಗದ್ದಲ, ಮನೆಯ ಸಿಟ್ಟು, ಏರುದನಿ ಇಷ್ಟರಲ್ಲೇ ಅಪ್ಪನನ್ನು ಕಂಡಿದ್ದ ಮಕ್ಕಳಿಗೆ ಇಷ್ಟು ನಿಶ್ಚಲವಾದ ಕೈಯ ಪರಿಚಯವಿರಲಿಲ್ಲ. ಅಕ್ಕ ಒಂದು ಕಾಗದವನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. "ಸಹಿ ಮಾಡ್ತೀನಿ. ಆದ್ರ ಒಮ್ಮೆ ಹೊಡಿಯೂದನ್ನ ನನಗ ತೋರಿಸಬೇಕು."

ಸಹಿಯಾದ ಮೇಲೆ ಶುರುವಾಯಿತು ನಂಬರಿನ ರಗಳೆ. ಅಪ್ಪನ ಲೈಸೆನ್ಸಿನಲ್ಲಿದ್ದ ಸಂಖ್ಯೆ ಬೇರೆ, ಡೀಲರ್ ಓದಿದ ಸಂಖ್ಯೆ ಬೇರೆ. ಕಚೇರಿಯವರ ಪ್ರಕಾರ ಇದು ಬೇರೆಯೇ ಆಯುಧ. ಮಗ ಮೂರು ಸಲ ಪುಣೆಯಿಂದ ಓಡಾಡಿದರು. ಮೂರನೆಯ ಸಲ ಡೀಲರಿನ ಮೇಜಿನ ಮೇಲೆ ಭೂತಗನ್ನಡಿ ಹಿಡಿದು ಕೂತಾಗ ಗುಟ್ಟು ಬಯಲಾಯಿತು. ಇದು ಅಮೆರಿಕದ ಸ್ಪ್ರಿಂಗ್‌ಫೀಲ್ಡಿನಲ್ಲಿ ಸ್ಮಿತ್ ಅಂಡ್ ವೆಸನ್ ಕಂಪನಿ ಮಾಡಿದ ಕೆ-22 ಮಾಸ್ಟರ್‌ಪೀಸ್. ಸಿಲಿಂಡರನ್ನು ಪಕ್ಕಕ್ಕೆ ಸರಿಸಿದರೆ ಅದನ್ನು ಹಿಡಿದಿರುವ ತೋಳಿನ ಒಳಗೆ ಒಂದು ಸಂಖ್ಯೆ ಕಾಣುತ್ತದೆ. ಅದು ಕಾರ್ಖಾನೆಯಲ್ಲಿ ಬಿಡಿಭಾಗಗಳು ಅದಲುಬದಲಾಗದಿರಲೆಂದು ಒತ್ತಿದ ಗುರುತು, ಅಷ್ಟೇ. ನಿಜವಾದ ಸಂಖ್ಯೆ, ಕೆ ಅಕ್ಷರದಿಂದ ಶುರುವಾಗುವಂಥದ್ದು, ಹಿಡಿಯ ತಳದಲ್ಲಿರುತ್ತದೆ. ಅಪ್ಪನ ರಿವಾಲ್ವರಿಗಿದ್ದ ದಪ್ಪ ಮರದ ಹಿಡಿ ಆ ತಳವನ್ನು ಪೂರ್ತಿ ಮುಚ್ಚಿತ್ತು. ಆರು ದಶಕಗಳ ಹಿಂದೆ ಯಾರೋ ಗುಮಾಸ್ತರು ಕಣ್ಣಿಗೆ ಕಂಡದ್ದನ್ನು ಬರೆದುಕೊಂಡಿದ್ದಾರೆ, ಆಮೇಲೆ ಬಂದವರೆಲ್ಲ ಪ್ರತಿ ನವೀಕರಣದಲ್ಲೂ ಅದನ್ನೇ ನಕಲು ಮಾಡಿದ್ದಾರೆ. ಡೀಲರ್ ಹಿಡಿಯ ಸ್ಕ್ರೂ ಬಿಚ್ಚಿ, ಎರಡೂ ಸಂಖ್ಯೆಗಳ ಫೋಟೊ ತೆಗೆದು, ಪತ್ರ ಬರೆದುಕೊಟ್ಟ. ತಿದ್ದುಪಡಿಗೆ ಇನ್ನೂ ಐದು ತಿಂಗಳು ಹಿಡಿಯಿತು.

ಆ ದಿನ ತಿಳಿದದ್ದು ಇನ್ನೂ ಕೆಲವು. ಪಕ್ಕದ ತಗಡಿಗೆ ನಾಲ್ಕು ಸ್ಕ್ರೂ, ಟ್ರಿಗರ್ ಕಾವಲಿನ ಮುಂದೊಂದು, ಒಟ್ಟು ಐದು. ಮೇಲ್ಗಡೆಯ ಸ್ಕ್ರೂವನ್ನು ಕಂಪನಿ 1955ರ ಸುಮಾರಿಗೆ ಕೈಬಿಟ್ಟಿತು. ಈ ಮಾದರಿ ಶುರುವಾದದ್ದು ಎರಡನೆಯ ಮಹಾಯುದ್ಧ ಮುಗಿದ ಮೇಲೆ, 1946ರ ಕೊನೆಗೆ. ಅಂದರೆ ಇದು ಆ ಹತ್ತು ವರ್ಷಗಳ ನಡುವಿನದು. ಇದಕ್ಕೆ ಪಾಯಿಂಟ್ 32 ಮತ್ತು ಪಾಯಿಂಟ್ 38ರ ಅಣ್ಣತಮ್ಮಂದಿರೂ ಇದ್ದರು. ದೊಡ್ಡ ಗುಂಡಿಗೆ ದೊಡ್ಡ ರಂಧ್ರ ಕೊರೆದರೆ ಲೋಹ ಕಡಿಮೆಯಾಗಿ ತೂಕ ಇಳಿಯುತ್ತದಲ್ಲ, ಅದಕ್ಕೆ ಬ್ಯಾರೆಲ್ ಮೇಲಿನ ಪಟ್ಟಿಯ ಅಗಲವನ್ನು ಹೆಚ್ಚುಕಡಿಮೆ ಮಾಡಿ, ಗುಂಡು ತುಂಬಿದ ಮೂರೂ ರಿವಾಲ್ವರುಗಳು ಒಂದೇ ತೂಕ ಬರುವಂತೆ ಮಾಡಿದ್ದರು. ಒಂದರಲ್ಲಿ ಪಳಗಿದ ಕೈ ಇನ್ನೊಂದಕ್ಕೆ ತಡಬಡಾಯಿಸಬಾರದು ಎಂದು. ಇಂಥ ಕಾಳಜಿಗೆ ತಲೆದೂಗಲೇಬೇಕು.

ಪುಣೆಯ ರೇಂಜಿನಲ್ಲಿ ಮೊದಲ ದಿನ ಅವರು ಕಂಡದ್ದು ಗುರಿಯನ್ನಲ್ಲ, ಮಂಜನ್ನು. ಗುರಿ ಕಾಗದ 25 ಮೀಟರ್ ದೂರದಲ್ಲಿ. ಹತ್ತು ಅಂಕದ ವೃತ್ತ 50 ಮಿಲಿಮೀಟರ್ ಅಗಲ. ಆದರೆ ಕಣ್ಣು ನೆಡಬೇಕಾದದ್ದು ಅಲ್ಲಲ್ಲ, ಚಾಚಿದ ಕೈಯ ತುದಿಯಲ್ಲಿರುವ ಮುಂದಿನ ಸೈಟಿನ ಮೇಲೆ. ಓದುವ ಕನ್ನಡಕಕ್ಕೆ ಅದು ದೂರ, ದೂರದ ಕನ್ನಡಕಕ್ಕೆ ಹತ್ತಿರ. ಟೇಪು ಹಿಡಿದು ಕಣ್ಣಿನಿಂದ ಸೈಟಿನವರೆಗೆ ಅಳೆದು, ಆ ಅಳತೆಯನ್ನೇ ಒಯ್ದು ಕನ್ನಡಕದ ಅಂಗಡಿಯಲ್ಲಿ ಹೊಸ ಲೆನ್ಸ್ ಮಾಡಿಸಿದರು. ಅದನ್ನು ಹಾಕಿಕೊಂಡರೆ ಬೇರೇನೂ ನೆಟ್ಟಗೆ ಕಾಣುವುದಿಲ್ಲ.

ಗುಂಡುಗಳು ಬೀಳತೊಡಗಿದವು, ಒಂದೇ ಕಡೆ, ಆದರೆ ಎಡಕ್ಕೆ ಮತ್ತು ಕೆಳಕ್ಕೆ. ಏಳು, ಏಳು, ಎಂಟು, ಏಳು. ಅಲ್ಲಿನ ಯುವ ಕೋಚ್ ನೋಡಿ ಹೇಳಿದ: "ಕಾಕಾ, ಗ್ರೂಪ್ ಚೆನ್ನಾಗಿದೆ. ಸೈಟ್ ತಿರುಗಿಸಿ, ಅಷ್ಟೇ."

ಹಿಂದಿನ ಸೈಟಿಗೆ ಎರಡು ಪುಟ್ಟ ಸ್ಕ್ರೂಗಳು. ತಿರುಗಿಸಿದರೆ ಟಿಕ್ ಎಂದು ಒಂದೊಂದು ಹೆಜ್ಜೆ ಸರಿಯುತ್ತದೆ. ಅದನ್ನು ಕಡೆಯ ಬಾರಿ ತಿರುಗಿಸಿದವರು ಅಪ್ಪ, ತಮ್ಮ ಕಣ್ಣಿಗೆ, ತಮ್ಮ ಹಿಡಿತಕ್ಕೆ, ಆ ಕಾಲದ ಗುಂಡಿಗೆ ಹೊಂದಿಸಿ. ಅಪ್ಪನ ಸೈಟೆಂದರೆ ಎಷ್ಟೋ ಮನೆಗಳಲ್ಲಿ ಅಣ್ಣತಮ್ಮಂದಿರು ಕೋರ್ಟಿಗೆ ಹೋಗುತ್ತಾರೆ. ಇಲ್ಲಿ ಒಬ್ಬ ಮಗ ಮೂರು ತಿಂಗಳು ಸ್ಕ್ರೂಡ್ರೈವರ್ ಜೇಬಿನಲ್ಲಿಟ್ಟುಕೊಂಡು ತಿರುಗಿದ. ಗುರಿಯ ನಡು ಬಿಟ್ಟು ಬಲಕ್ಕೆ, ಮೇಲಕ್ಕೆ ಕಣ್ಣಿಟ್ಟು ಹೊಡೆದು ನೋಡಿದ. ಕೈ ಸೋತಿತು, ಇದ್ದ ಗುಂಪೂ ಚೆದುರಿತು.

ಕೊನೆಗೊಂದು ಭಾನುವಾರ ತಿರುಗಿಸಿದರು. ಬಲಕ್ಕೆ ನಾಲ್ಕು ಟಿಕ್, ಮೇಲಕ್ಕೆ ಏಳು. ಎಣಿಸಿ ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು. ಆಮೇಲಿನ ಐದು ಗುಂಡುಗಳಲ್ಲಿ ಮೂರು ಒಂಬತ್ತರೊಳಗೆ ಬಿದ್ದವು.

ದೀಪಾವಳಿಗೆ ಅಕ್ಕ ಪುಣೆಗೆ ಬಂದರು. ರೇಂಜಿನಲ್ಲಿ ಗೆರೆಯ ಹಿಂದಿನ ಬೆಂಚಿನ ಮೇಲೆ, ಸೆರಗಿನ ಮೇಲೆಯೇ ಕಿವಿಮುಚ್ಚಿಗೆ ಏರಿಸಿಕೊಂಡು ಕೂತರು. ಆರು ಮನೆಯ ಸಿಲಿಂಡರಿಗೆ ಐದೇ ಗುಂಡು ತುಂಬುವುದನ್ನು ನೋಡಿ ಒಂದು ಯಾಕೆ ಖಾಲಿ ಎಂದು ಕೇಳಿದರು. ಸ್ಪರ್ಧೆಯಲ್ಲಿ ಐದೈದೇ ಹೊಡೆಯುವುದು ಎಂದರು ಇವರು. ಮೊದಲ ಐದು ನಡುವಿಗೆ ಹತ್ತಿರ ಬಿದ್ದವು. ಅಕ್ಕನಿಗೆ ಸಮಾಧಾನವಾಗಲಿಲ್ಲ.

"ಅಪ್ಪ ಹೊಡಿಯೂ ಹಂಗ ಹೊಡಿ."

ರಿವಾಲ್ವರ್ ಖಾಲಿ ಮಾಡಿ, ನೋಟ್‌ಬುಕ್ ತೆರೆದು, ಕೆಳಕ್ಕೆ ಏಳು, ಎಡಕ್ಕೆ ನಾಲ್ಕು ಎಣಿಸಿ ಸೈಟನ್ನು ಮೊದಲಿನ ಜಾಗಕ್ಕೆ ತಂದರು. ಹೊಸ ಕಾಗದ. ಒಂದೊಂದು ಗುಂಡಿಗೂ ಹೆಬ್ಬೆರಳಿನಿಂದ ಹ್ಯಾಮರ್ ಎಳೆದು, ಒಂದೇ ಕೈಯಲ್ಲಿ, ನಿಧಾನ. ಐದೂ ಎಡಕ್ಕೆ, ಕೆಳಕ್ಕೆ, ಒಂದು ಹಿಡಿ ಅಗಲದಲ್ಲಿ ಬಿದ್ದವು.

"ಅಪ್ಪಗ ಇವು ನಡುವ ಬೀಳತಿದ್ವೇನು?"

"ಹೂಂ ಅಕ್ಕಾ."

ಕಾಗದವನ್ನು ಅವರೇ ಕೇಳಿ ತೆಗೆದುಕೊಂಡು, ನಾಲ್ಕು ಮಡಿಕೆ ಮಾಡಿ ಪರ್ಸಿನಲ್ಲಿಟ್ಟುಕೊಂಡರು. ಇವರು ಸ್ಕ್ರೂಡ್ರೈವರ್ ಹಿಡಿದು ಮತ್ತೆ ಬಲಕ್ಕೆ ನಾಲ್ಕು ಎಣಿಸತೊಡಗಿದರು.